ಕತ್ತಿಯ ಹದ ಎಲ್ಲಿ ತಪ್ಪಿತು? ಮಡಚಿದ, ಚಕ್ಕೆ ಎದ್ದ, ಬಿರಿದ, ಸೊಟ್ಟಗಾದ ಅಲಗಿನ ದೋಷ ಪತ್ತೆ

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಸೆಪ್ಟೆಂಬರ್ ಮೊದಲ ವಾರ. ಅಷ್ಟರೊಳಗೆ ಹೊಸ ಕತ್ತಿ ಪೂಜೆಗೆ ಸಿದ್ಧವಾಗಬೇಕೆಂದರೆ ಕುಲುಮೆ ಉರಿಯಬೇಕಾದದ್ದು ಜುಲೈ, ಆಗಸ್ಟಿನಲ್ಲಿ. ಕೊಡಗಿನಲ್ಲಿ ಉಕ್ಕಿಗೆ ಹದ ಹಾಕಲು, ಅಂದರೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡಸು ಮಾಡಲು, ಇದಕ್ಕಿಂತ ಕಷ್ಟದ ಕಾಲ ಇನ್ನೊಂದಿಲ್ಲ. ಮಧ್ಯಾಹ್ನವೂ ಮಬ್ಬು, ಇದ್ದಿಲು ತೇವ, ಎಣ್ಣೆ ತಣ್ಣಗೆ, ತಗಡಿನ ಸೂರಿನಿಂದ ತೊಟ್ಟಿಕ್ಕುವ ನೀರು. ಅದೇ ಲಾರಿಯ ಸ್ಪ್ರಿಂಗ್ ಪ್ಲೇಟು, ಅದೇ ಎಣ್ಣೆ, ಅದೇ ಕೈ. ಆದರೂ ಫೆಬ್ರವರಿಯಲ್ಲಿ ಸರಿಬಂದ ಹದ ಆಗಸ್ಟಿನಲ್ಲಿ ಕೈಕೊಡುತ್ತದೆ. ಆಗ ಮೊದಲು ಬರುವ ಮಾತು ‘ಕಬ್ಬಿಣ ಸರಿಯಿಲ್ಲ’. ಬಹಳ ಸಲ ಕಬ್ಬಿಣ ಸರಿಯಾಗಿಯೇ ಇರುತ್ತದೆ.

ಇಲ್ಲಿ ಹೇಳಿರುವುದು ಲಾರಿ, ಜೀಪುಗಳ ಪ್ಲೇಟಿನಿಂದ ಕೈಯಲ್ಲಿ ಮಾಡಿದ ತೋಟದ ಕತ್ತಿ, ಅಡುಗೆ ಚೂರಿ ಮತ್ತು ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಅಳತೆಯ ಅಲಗುಗಳ ಬಗ್ಗೆ. ಕಾವಿನ ಡಿಗ್ರಿ ಎಂದಲ್ಲೆಲ್ಲ ಸೆಲ್ಸಿಯಸ್. ಶುರು ಮಾಡುವ ಮೊದಲು ಒಂದು ಕಟ್ಟುನಿಟ್ಟಿನ ಮಾತು: ಕೆಟ್ಟ ಅಲಗನ್ನು ಕಂಡ ತಕ್ಷಣ ಮತ್ತೆ ಬೆಂಕಿಗೆ ಹಾಕಬೇಡಿ. ಏನು ತಪ್ಪಿತು ಎಂಬುದಕ್ಕೆ ಇರುವ ಸಾಕ್ಷಿ ಆ ಅಲಗೊಂದೇ. ಬೆಂಕಿಗೆ ಹಾಕಿದರೆ ಅದೂ ಅಳಿಸಿಹೋಗುತ್ತದೆ.

ದೋಷ ಅಲಗಿನ ಯಾವ ಭಾಗದಲ್ಲಿದೆ

ಏನಾಗಿದೆ ಎನ್ನುವುದಕ್ಕಿಂತ ಎಲ್ಲಿ ಆಗಿದೆ ಎನ್ನುವುದು ಹೆಚ್ಚು ಹೇಳುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ನೋಡಿ.

ಬಾಯಿ, ಅಂದರೆ ಕತ್ತರಿಸುವ ಅಂಚು, ಉದ್ದಕ್ಕೂ ಒಂದೇ ಸಮ ಮೆತ್ತಗಿದ್ದರೆ ಕಾವು ಸಾಲದು, ಎಣ್ಣೆ ನಿಧಾನ, ಇಲ್ಲವೇ ಆ ಉಕ್ಕು ಗಡಸಾಗುವ ಜಾತಿಯದ್ದಲ್ಲ. ಮೊನೆಯ ಎರಡು ಮೂರು ಇಂಚು ಮಾತ್ರ ಮೆತ್ತಗಿದ್ದರೆ ಮೊದಲ ಅನುಮಾನ ಸಾಣೆಯ ಮೇಲೆ. ಹದ ಸರಿಯಾಗಿಯೇ ಇತ್ತು, ಆಮೇಲೆ ಗ್ರೈಂಡರ್ ಅದನ್ನು ಸುಟ್ಟಿತು. ಮೊನೆ ಮಾತ್ರ ಚಕ್ಕೆ ಏಳುತ್ತಿದ್ದರೆ ಅದು ಕುಲುಮೆಯಲ್ಲಿ ಅತಿಯಾಗಿ ಕಾದಿದೆ. ತೆಳ್ಳಗಿರುವ ಭಾಗ ಬೆನ್ನಿಗಿಂತ ಬೇಗ ಕಾಯುತ್ತದೆ. ಹಿಡಿಯ ಹತ್ತಿರದ ಭಾಗ ಮೆತ್ತಗಿದ್ದರೆ ಇಕ್ಕಳ ಹಿಡಿದ ಜಾಗದಲ್ಲಿ ಕಾವು ಏರಿರಲಿಲ್ಲ. ಅಲ್ಲೊಂದು ಇಲ್ಲೊಂದು ತೇಪೆಯಂತೆ ಮೆತ್ತಗಿದ್ದರೆ ಎಣ್ಣೆಯೊಳಗೆ ನೀರಿದೆ, ಅಥವಾ ಅದ್ದುವಾಗ ಅಲಗಿನ ಮೇಲೆ ದಪ್ಪ ಕಿಟ್ಟ ಅಂಟಿಕೊಂಡಿತ್ತು.

ಅರ ಮತ್ತು ಹಿತ್ತಾಳೆ ಕಂಬಿ

ಗಡಸುತನ ಅಳೆಯುವ ಯಂತ್ರ ಎಲ್ಲರ ಬಳಿ ಇರುವುದಿಲ್ಲ. ಎರಡು ಪರೀಕ್ಷೆ ಸಾಕು, ಆದರೆ ಪ್ರತಿಯೊಂದನ್ನೂ ಅದರ ಹೊತ್ತಿಗೇ ಮಾಡಬೇಕು.

ಅರದ ಪರೀಕ್ಷೆ ಎಣ್ಣೆಯಿಂದ ತೆಗೆದ ಮೇಲೆ, ಟೆಂಪರ್ ಮಾಡುವ (ಗಡಸಾದ ಅಲಗನ್ನು ಕಡಿಮೆ ಕಾವಿನಲ್ಲಿ ಮತ್ತೆ ಕಾಯಿಸಿ ಪೆಡಸು ಇಳಿಸುವ) ಮೊದಲು. ಹೊಸ, ಹಲ್ಲು ಸವೆಯದ ಅರ ಬೇಕು. ಅದರ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 60ರ ಮೇಲಿರುತ್ತದೆ. ಅಲಗಿನ ಬಾಯಿಯ ಮೇಲೆ ಹಗುರವಾಗಿ ಎಳೆಯಿರಿ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಉಕ್ಕು ಹದ ಕುಡಿದಿದೆ. ಕಚ್ಚಿದರೆ ಅಲ್ಲಿಗೇ ತೀರ್ಪು ಕೊಡಬೇಡಿ. ಕುಲುಮೆಯ ಗಾಳಿಯಲ್ಲಿ ಕಾದ ಉಕ್ಕಿನ ಹೊರಮೈ ಇಂಗಾಲ ಕಳೆದುಕೊಂಡಿರುತ್ತದೆ. ಈ ಸತ್ತ ಚರ್ಮ ಸಾಮಾನ್ಯವಾಗಿ 0.1ರಿಂದ 0.3 ಮಿಲಿಮೀಟರ್ ದಪ್ಪ, ಹೆಚ್ಚು ಹೊತ್ತು ಕಾಯಿಸಿದ್ದರೆ ಇನ್ನೂ ಹೆಚ್ಚು. ಅದೇ ಜಾಗದಲ್ಲಿ ಹತ್ತು ಹದಿನೈದು ಸಲ ಅರ ಎಳೆಯಿರಿ. ಮೊದಲು ಕಚ್ಚಿ ಆಮೇಲೆ ಜಾರತೊಡಗಿದರೆ ಒಳಗಿನ ಉಕ್ಕು ಗಟ್ಟಿಯಾಗಿದೆ, ಮೇಲಿನ ಪದರ ಉಜ್ಜಿ ತೆಗೆದರೆ ಸಾಕು. ಎಳೆದಷ್ಟೂ ಕಚ್ಚುತ್ತಲೇ ಇದ್ದರೆ ಹದ ಹತ್ತಿಲ್ಲ. ಈ ವ್ಯತ್ಯಾಸ ತಿಳಿಯದೆ ಒಳ್ಳೆಯ ಅಲಗನ್ನೇ ಎರಡನೇ ಸಲ ಬೆಂಕಿಗೆ ಹಾಕಿ ಕೆಡಿಸುವುದು ತುಂಬ ನಡೆಯುತ್ತದೆ.

ಕಂಬಿಯ ಪರೀಕ್ಷೆ ಟೆಂಪರ್ ಆಗಿ, ಬಾಯಿ ಹರಿತವಾದ ಮೇಲೆ. 6 ಮಿಲಿಮೀಟರ್ ಹಿತ್ತಾಳೆ ಕಂಬಿಯನ್ನು ವೈಸಿನಲ್ಲಿ ಅಡ್ಡಲಾಗಿ ಕಟ್ಟಿ, ಅಲಗನ್ನು ಸಾಣೆಗಲ್ಲಿಗೆ ಹಿಡಿಯುವ ಓರೆಯಲ್ಲೇ ಇಟ್ಟು ಒತ್ತಿ ಎಳೆಯಿರಿ. ಬಾಯಿ ಒಂದಿಷ್ಟು ಉಬ್ಬುವುದು ಬೆಳಕಿನಲ್ಲಿ ಕಾಣುವಷ್ಟು ಒತ್ತಬೇಕು. ಕಂಬಿ ದಾಟಿದ ಮೇಲೆ ಉಬ್ಬು ಹಿಂದಕ್ಕೆ ಹೋಗಿ ನೇರವಾದರೆ ಹದ ಸರಿ. ಬಾಗಿ ಹಾಗೆಯೇ ಉಳಿದರೆ ಮೆತ್ತಗೆ. ಅರ್ಧಚಂದ್ರದಂತೆ ಚೂರು ಹಾರಿದರೆ ಹೆಚ್ಚು ಗಡಸು, ಇಲ್ಲವೇ ಉಕ್ಕಿನ ಕಣ, ಅಂದರೆ ಅದರೊಳಗಿನ ಹರಳುಗಳು, ದಪ್ಪವಾಗಿದೆ.

ಬಾಳೆ ದಿಂಡು ಕಡಿದು ನೋಡುವುದನ್ನು ಹದದ ಪರೀಕ್ಷೆ ಎಂದುಕೊಳ್ಳಬೇಡಿ. ಕೊಡವ ಮದುವೆಯಲ್ಲಿ ಅಗಲ ಅಲಗಿನ ಒಡಿಕತ್ತಿಗೆ ಅದು ಶಾಸ್ತ್ರ, ಆದರೆ ಹಸಿ ದಿಂಡು ಹದ ಕೆಟ್ಟ ಕತ್ತಿಗೂ ಸಲೀಸಾಗಿ ತುಂಡಾಗುತ್ತದೆ. ಒಣ ಬಿದಿರಿನ ಗಿಣ್ಣು, ಒಣಗಿದ ಕಾಫಿ ರೆಂಬೆ ಕಡಿಯಿರಿ; ಬಾಯಿಯ ನಿಜ ಸ್ಥಿತಿ ಹತ್ತು ಏಟಿನಲ್ಲಿ ತಿಳಿಯುತ್ತದೆ.

ಬಾಯಿ ಮಡಚುತ್ತಿದೆ, ಹರಿತ ನಿಲ್ಲುತ್ತಿಲ್ಲ

ಮೊದಲು ಸಾಣೆಯ ತಪ್ಪು ಇದೆಯೇ ನೋಡಿ, ಏಕೆಂದರೆ ಅದನ್ನು ಪತ್ತೆ ಮಾಡುವುದು ಸುಲಭ. ಹದವಾದ ಅಲಗನ್ನು ಗ್ರೈಂಡರಿಗೆ ಒತ್ತಿದಾಗ ಬಾಯಿಯ ಅಂಚು ಒಂದು ಕ್ಷಣದಲ್ಲಿ 300 ಡಿಗ್ರಿ ದಾಟಬಹುದು. ನೀಲಿ ಬಣ್ಣ ಕಂಡರೆ ಅಲ್ಲಿಯ ಹದ ಇಳಿದಾಯಿತು. ಆಮೇಲೆ ನೀರಿಗೆ ಅದ್ದಿದರೂ ಮರಳಿ ಬರುವುದಿಲ್ಲ. ನೀಲಿಯನ್ನು ಉಜ್ಜಿ ತೆಗೆದುಬಿಟ್ಟರೆ ಬಣ್ಣ ಹೋಗುತ್ತದೆ, ಮೆತ್ತಗಾದ ಉಕ್ಕು ಉಳಿಯುತ್ತದೆ. ಹದ ಹಾಕಿದ ಮೇಲೆ ಸಾಣೆ ಹಿಡಿಯುವಾಗ ಕೈಗವಸು ಬೇಡ, ಬರಿ ಬೆರಳು ಅಲಗಿನ ಮೇಲಿರಲಿ. ಬೆರಳಿಗೆ ಬಿಸಿ ಮುಟ್ಟಿತೆಂದರೆ ನೀರಿಗೆ ಅದ್ದಿ. ಆಂಗಲ್ ಗ್ರೈಂಡರಿನ ಡಿಸ್ಕಿನಿಂದ ಹದವಾದ ಬಾಯಿಯನ್ನು ತೆಳ್ಳಗೆ ಮಾಡಲು ಹೋಗಲೇಬೇಡಿ. ಸುಟ್ಟ ಭಾಗ 2–3 ಮಿಲಿಮೀಟರಿಗಿಂತ ಒಳಗೆ ಹೋಗಿಲ್ಲದಿದ್ದರೆ ಅಷ್ಟನ್ನು ನೀರು ಹಾಕುತ್ತಾ ಸವೆಸಿ ಹೊಸ ಬಾಯಿ ತೆಗೆಯಬಹುದು.

ಸಾಣೆ ಸುಟ್ಟಿಲ್ಲ, ಅರ ಕಚ್ಚುತ್ತಲೇ ಇದೆ ಎಂದಾದರೆ ಮುಂದಿನ ಪ್ರಶ್ನೆ ಕಾವು.

ಉಕ್ಕು ಅಯಸ್ಕಾಂತವನ್ನು ಬಿಡುವುದು ಸುಮಾರು 770 ಡಿಗ್ರಿಯಲ್ಲಿ. ‘ಮ್ಯಾಗ್ನೆಟ್ ಬಿಟ್ಟಿತು, ಅದ್ದಿದೆ’ ಎನ್ನುವವರ ಅಲಗು ಬಹುಪಾಲು ಅರೆ ಹದವಾಗುವುದು ಇದರಿಂದಲೇ. ಪ್ಲೇಟಿನ ಉಕ್ಕಿಗೆ 770 ಸಾಲದು. ನಮ್ಮಲ್ಲಿ ಗುಜರಿಗೆ ಬರುವ ಪ್ಲೇಟುಗಳಲ್ಲಿ ಎರಡು ಜಾತಿ ಸಾಮಾನ್ಯ. ಕ್ರೋಮಿಯಂ ಇರುವ ಎಸ್‌ಯುಪಿ 9 ಬಗೆಯದಕ್ಕೆ 830ರಿಂದ 850 ಡಿಗ್ರಿ ಬೇಕು. ಸಿಲಿಕಾನ್ ಹೆಚ್ಚಿರುವ ಇಎನ್ 45 ಬಗೆಯದಕ್ಕೆ 860ರಿಂದ 880. ಸಿಲಿಕಾನ್ ಉಕ್ಕಿನ ಒಳರಚನೆ ಬದಲಾಗುವ ಕಾವನ್ನೇ ಮೇಲಕ್ಕೆ ತಳ್ಳುತ್ತದೆ. ಎರಡರಲ್ಲೂ ಇಂಗಾಲ ಸುಮಾರು ಶೇ. 0.5ರಿಂದ 0.6. ಕಣ್ಣಿನಿಂದ ನೋಡಿ ಯಾವುದು ಯಾವುದೆಂದು ಹೇಳಲಾಗದು. ಅದಕ್ಕೇ ಪ್ರತಿ ಹೊಸ ಪ್ಲೇಟಿನಿಂದ ಒಂದು ಬೆರಳಗಲ, ನಾಲ್ಕು ಬೆರಳುದ್ದದ ಮೂರು ತುಂಡು ಕತ್ತರಿಸಿ ಇಟ್ಟುಕೊಳ್ಳಬೇಕು. ಅಲಗಿನ ಬಾಯಿಯಷ್ಟೇ ತೆಳ್ಳಗೆ ಸಾಣೆ ಹಿಡಿದು, ಒಂದೊಂದನ್ನು ಒಂದೊಂದು ಮೆಟ್ಟಿಲು ಹೆಚ್ಚು ಕಾವಿನಲ್ಲಿ ಅದ್ದಿ, ಅರ ಎಳೆದು, ವೈಸಿನಲ್ಲಿ ಮುರಿದು ನೋಡಿ. ಅರ ಜಾರುವ, ಮುರಿದ ಮುಖ ನುಣ್ಣಗಿರುವ ತುಂಡಿನ ಕಾವೇ ಆ ಪ್ಲೇಟಿನ ಕಾವು. ಮುರಿಯುವಾಗ ಕನ್ನಡಕ ಹಾಕಿ, ತುಂಡಿನ ಮೇಲೆ ಗೋಣಿತಾಟು ಸುತ್ತಿ. ಚೂರು ಗುಂಡಿನಂತೆ ಹಾರುತ್ತದೆ.

ಮೆಟ್ಟಿಲನ್ನು ಗುರುತಿಸುವುದು ಹೇಗೆ? ಕುಲುಮೆಯ ಕಾವು ಅಳೆಯುವ ಥರ್ಮೋಕಪಲ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಡುಗೆ ಉಪ್ಪು ಇದೆ. ಶುದ್ಧ ಉಪ್ಪು ಕರಗುವುದು 801 ಡಿಗ್ರಿಯಲ್ಲಿ. ಅಲಗಿನ ಪಕ್ಕದಲ್ಲಿ ಅಷ್ಟೇ ದಪ್ಪದ ಒಂದು ಗುಜರಿ ಪಟ್ಟಿಯನ್ನು ಕಾಯಿಸಿ, ಮೇಲೆ ಚಿಟಿಕೆ ಉಪ್ಪು ಉದುರಿಸಿ. ಹರಳು ಹರಳಾಗಿಯೇ ಇದ್ದರೆ 801 ಆಗಿಲ್ಲ. ಕರಗಿ ಎಣ್ಣೆಯಂತೆ ಹರಡಿದರೆ ದಾಟಿದೆ. ಅಯಸ್ಕಾಂತ ಬಿಡುವ ಕೆಂಪು ಯಾವುದು, ಉಪ್ಪು ಕರಗುವ ಕೆಂಪು ಯಾವುದು ಎಂದು ಒಂದೇ ಬೆಳಕಿನಲ್ಲಿ ನಾಲ್ಕೈದು ಸಲ ನೋಡಿದರೆ, ಅದರ ಮುಂದಿನ ಮೆಟ್ಟಿಲು ಕಣ್ಣಿಗೆ ಸಿಗುತ್ತದೆ. ಉಪ್ಪನ್ನು ಅಲಗಿನ ಮೇಲೇ ಹಾಕಬೇಡಿ, ತುಕ್ಕಿಗೆ ಆಹ್ವಾನ ಕೊಟ್ಟಂತೆ.

‘ಒಂದೇ ಬೆಳಕಿನಲ್ಲಿ’ ಎಂದದ್ದು ಸುಮ್ಮನೆ ಅಲ್ಲ. ಆಗಸ್ಟಿನ ಹದ ಕೆಡಲು ನಮ್ಮ ಪ್ರಕಾರ ಇದೇ ದೊಡ್ಡ ಕಾರಣ. ಕತ್ತಲಲ್ಲಿ ಉಕ್ಕು ಇರುವುದಕ್ಕಿಂತ ಹೆಚ್ಚು ಕಾದಂತೆ ಹೊಳೆಯುತ್ತದೆ. ಫೆಬ್ರವರಿಯ ಬಿಸಿಲಿನ ಕೊಟ್ಟಿಗೆಯಲ್ಲಿ ಪಳಗಿದ ಕಣ್ಣು, ಮಂಜು ಕವಿದ ದಿನ ಕಡಿಮೆ ಕಾವಿಗೇ ‘ಸಾಕು’ ಎನ್ನುತ್ತದೆ. ಅಲಗು ಮೆತ್ತಗೆ ಉಳಿಯುತ್ತದೆ. ಮಳೆಗಾಲದಲ್ಲಿ ಕಲಿತವರು ಬೇಸಿಗೆಯಲ್ಲಿ ಅತಿಯಾಗಿ ಕಾಯಿಸಿ ಕಣ ದಪ್ಪ ಮಾಡಿಕೊಳ್ಳುವುದೂ ಅಷ್ಟೇ ನಿಜ. ಕುಲುಮೆಯ ಮೂರು ಕಡೆ ತಗಡು ಕಟ್ಟಿ ಯಾವ ದಿನವೂ ಅಷ್ಟೇ ನೆರಳಿರುವಂತೆ ಮಾಡಿ. ತಲೆಯ ಮೇಲೆ ಟ್ಯೂಬ್‌ಲೈಟ್ ಬೇಡ. ತೇವದ ಇದ್ದಿಲು ಚಟಪಟ ಸಿಡಿದು ಕಾವನ್ನು ಅಲ್ಲಲ್ಲಿ ಏರಿಸಿ ಇಳಿಸುತ್ತದೆ; ಹದದ ದಿನಕ್ಕೆ ಬೇಕಾದ ಒಂದು ಚೀಲವನ್ನು ವಾರ ಮೊದಲೇ ಅಟ್ಟದ ಮೇಲೆ, ಒಲೆಯ ಬಿಸಿ ತಾಗುವಲ್ಲಿ ಇಡಿ.

ಬಣ್ಣ ಮೊನೆಯಿಂದ ಹಿಡಿಯವರೆಗೆ, ಬಾಯಿಯಿಂದ ಬೆನ್ನಿನವರೆಗೆ ಸಮವಾದ ಮೇಲೆ 5–6 ಮಿಲಿಮೀಟರ್ ದಪ್ಪದ ಅಲಗು ಇನ್ನೂ 3ರಿಂದ 5 ನಿಮಿಷ ಅದೇ ಕಾವಿನಲ್ಲಿರಬೇಕು. ಬ್ಲೋವರ್ ತಗ್ಗಿಸಿ, ಅಲಗನ್ನು ಗಾಳಿಯ ಬಾಯಿಗೆ ನೇರ ಹಿಡಿಯದೆ, ಇದ್ದಿಲಿನ ದಪ್ಪ ಹಾಸಿನ ಮೇಲ್ಭಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾ ಇರಿ.

ಕಾವೂ ಎಣ್ಣೆಯೂ ಸರಿಯಿದ್ದು ಮೂರು ತುಂಡುಗಳೂ ಗಡಸಾಗದಿದ್ದರೆ ಆಗ ಉಕ್ಕನ್ನು ಅನುಮಾನಿಸಿ. ಮನೆ ಕಟ್ಟುವ ಟಿಎಂಟಿ ಕಂಬಿ, ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿಗಳಲ್ಲಿ ಇಂಗಾಲ ಶೇ. 0.3ರ ಒಳಗೆ, ಅವುಗಳಿಂದ ಕತ್ತಿಯ ಬಾಯಿ ಬರುವುದಿಲ್ಲ. ಗ್ರೈಂಡರಿಗೆ ಹಿಡಿದರೆ ಕಿಡಿ ಉದ್ದವಾಗಿ, ಕವಲೊಡೆಯದೆ ಹೋಗುತ್ತದೆ. ಹಳೆಯ ಅರವನ್ನು ಪಕ್ಕದಲ್ಲೇ ಹಿಡಿದು ನೋಡಿ: ಹತ್ತಿರದಲ್ಲೇ ಒತ್ತೊತ್ತಾಗಿ ಒಡೆಯುವ ಸುರುಸುರು ಬತ್ತಿಯ ಕಿಡಿ. ಪ್ಲೇಟಿನದು ಇವೆರಡರ ನಡುವೆ. ಬೇರಿಂಗಿನ ಇಎನ್ 31 ಉಕ್ಕು ಒಳ್ಳೆಯದೇ, ಆದರೆ ಅದಕ್ಕೆ 810–840ರ ನಡುವೆ ಹತ್ತು ನಿಮಿಷ ಕದಲದ ಕಾವು ಬೇಕು. ಇದ್ದಿಲಿನ ಕುಲುಮೆಯಲ್ಲಿ ಆ ಕಾವು ಹಿಡಿದಿಡುವುದು ಕಷ್ಟ. ಕಲಿಯುವವರು ಪ್ಲೇಟಿನಲ್ಲೇ ಇರಲಿ.

ಎಣ್ಣೆ

ಕೆಂಪಗೆ ಕಾದ ಅಲಗು ಎಣ್ಣೆಗೆ ಇಳಿದಾಗ ಮೊದಲು ಅದರ ಸುತ್ತ ಆವಿಯ ಹೊದಿಕೆ ಕಟ್ಟುತ್ತದೆ. ಅದು ಇರುವವರೆಗೆ ಉಕ್ಕು ನಿಧಾನವಾಗಿ ತಣಿಯುತ್ತದೆ. ಹೊದಿಕೆ ಹರಿದು ಎಣ್ಣೆ ನೇರ ಉಕ್ಕಿಗೆ ತಾಗಿ ಕುದಿಯುವಾಗ ವೇಗವಾಗಿ ತಣಿಯುತ್ತದೆ. ಹೊದಿಕೆ ಎಷ್ಟು ಬೇಗ ಹರಿಯುತ್ತದೆ ಎನ್ನುವುದರ ಮೇಲೆ ಹದ ನಿಂತಿದೆ. ತಣ್ಣಗಿನ ಎಣ್ಣೆ ಮಂದ, ಸಲೀಸಾಗಿ ಹರಿದಾಡದು, ಹೊದಿಕೆಯನ್ನು ಬೇಗ ಸೀಳದು. ಅದಕ್ಕೇ ಅಡುಗೆ ಎಣ್ಣೆಯನ್ನು 50ರಿಂದ 60 ಡಿಗ್ರಿಗೆ ಕಾಯಿಸಿ ಬಳಸುವುದು. ಬಿಸಿಮಾಡಿದರೆ ತಣಿಸುವ ವೇಗ ಕಡಿಮೆಯಾಗುತ್ತದೆ ಎಂದು ಹೆದರುವವರಿದ್ದಾರೆ. ಈ ಮಟ್ಟದಲ್ಲಿ ಹೆಚ್ಚುತ್ತದೆ.

ಮಡಿಕೇರಿಯ ಆಗಸ್ಟಿನ ಬೆಳಿಗ್ಗೆ ಡ್ರಮ್ಮಿನ ಎಣ್ಣೆ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕೊಬ್ಬರಿ ಎಣ್ಣೆಯಾದರೆ 24ರ ಕೆಳಗೆ ಗಟ್ಟಿಯೇ ಆಗಿಬಿಡುತ್ತದೆ. ಮೇಲೆ ಕರಗಿ ಕೆಳಗೆ ಗಟ್ಟಿ ಉಳಿದ ಡ್ರಮ್ಮಿಗೆ ಅಲಗು ಇಳಿಸಿದರೆ ಮೊನೆಗೊಂದು, ಹಿಡಿಗೊಂದು ಹದ. ಇಲ್ಲಿಗೆ ಸೂರ್ಯಕಾಂತಿ ಎಣ್ಣೆ ವಾಸಿ. ಗುಜರಿ ಕಬ್ಬಿಣದ ತುಂಡೊಂದನ್ನು ಕಾಯಿಸಿ ಎಣ್ಣೆಯಲ್ಲಿ ಪೂರ್ತಿ ಮುಳುಗಿಸಿ ಕಲಕಿದರೆ ಬಿಸಿಯಾಗುತ್ತದೆ. ಬಿಸಿ ಎಷ್ಟೆಂದು ಥರ್ಮಾಮೀಟರಿನಲ್ಲೇ ನೋಡಿ. ಆ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಪರೀಕ್ಷಿಸುವಾಗ ಒಂದು ನೆನಪಿರಲಿ: ಮಡಿಕೇರಿಯ ಎತ್ತರದಲ್ಲಿ ನೀರು ಕುದಿಯುವುದು 96 ಡಿಗ್ರಿಯ ಹತ್ತಿರ, 100ರಲ್ಲಿ ಅಲ್ಲ. 96 ತೋರಿಸಿದರೆ ಅದು ಸರಿಯಾಗಿದೆ.

ಪ್ರಮಾಣ: 600 ಗ್ರಾಂ ತೂಕದ ಕತ್ತಿಯೊಂದು 5 ಲೀಟರ್ ಎಣ್ಣೆಯನ್ನು ಸುಮಾರು 35 ಡಿಗ್ರಿಯಷ್ಟು ಬಿಸಿ ಮಾಡುತ್ತದೆ. 10 ಲೀಟರ್ ಇದ್ದರೆ ಏರಿಕೆ ಅದರ ಅರ್ಧ. ಎರಡು ಮೂರು ಕತ್ತಿ ಒಂದರ ಹಿಂದೆ ಒಂದು ಅದ್ದುವುದಾದರೆ ನಡುವೆ ಥರ್ಮಾಮೀಟರ್ ನೋಡಲೇಬೇಕು. ಮೊದಲ ಕತ್ತಿ ಸರಿಬಂದು ಮೂರನೆಯದು ಮೆತ್ತಗಾದರೆ ಕಾರಣ ಹುಡುಕಿ ದೂರ ಹೋಗಬೇಕಿಲ್ಲ. ಡ್ರಮ್ ಅಗಲಕ್ಕಿಂತ ಎತ್ತರವಾಗಿರಲಿ, ಅಲಗು ಪೂರ್ತಿ ಮುಳುಗಿ ಕೆಳಗೆ ಒಂದು ಗೇಣು ಉಳಿಯಬೇಕು.

ಮಳೆಗಾಲದ ಇನ್ನೊಂದು ಪಿಡುಗು ಎಣ್ಣೆಯೊಳಗಿನ ನೀರು. ಸೂರಿನ ಹನಿ, ರಾತ್ರಿಯ ತೇವ ಎರಡೂ ಡ್ರಮ್ಮಿಗೆ ಸೇರಿ ತಳದಲ್ಲಿ ಕೂರುತ್ತವೆ, ಮೇಲಿನಿಂದ ಕಾಣುವುದಿಲ್ಲ. ಕಾದ ಅಲಗು ತಾಗಿದಾಗ ಆ ನೀರು ಒಮ್ಮೆಗೇ ಆವಿಯಾಗಿ ಎಣ್ಣೆಯನ್ನು ಹೊರಕ್ಕೆ ಎರಚುತ್ತದೆ. ಕೈ, ಮುಖ ಸುಡುವುದು ಹೀಗೆ. ಕಡಿಮೆ ನೀರಿದ್ದರೆ ಎರಚಾಟ ಇರುವುದಿಲ್ಲ, ಅಲಗಿನಲ್ಲಿ ಮೆತ್ತನೆಯ ತೇಪೆ, ಕೂದಲೆಳೆಯ ಬಿರುಕು ಉಳಿಯುತ್ತದೆ. ಪರೀಕ್ಷೆ ಸುಲಭ. ತಳದಿಂದ ಒಂದು ಸೌಟು ಎಣ್ಣೆ ತೆಗೆದು ಚಿಕ್ಕ ಬಾಣಲೆಯಲ್ಲಿ 110–120 ಡಿಗ್ರಿಗೆ ಕಾಯಿಸಿ. ಒಗ್ಗರಣೆಗೆ ಹಸಿ ಸೊಪ್ಪು ಹಾಕಿದಂತೆ ಚಟಪಟ ಎಂದರೆ ನೀರಿದೆ. ಡ್ರಮ್ಮನ್ನು ಎರಡು ದಿನ ಅಲುಗಾಡಿಸದೆ ಇಟ್ಟು ಮೇಲಿನ ಮುಕ್ಕಾಲು ಭಾಗ ಬಗ್ಗಿಸಿಕೊಳ್ಳಿ, ತಳದ್ದನ್ನು ಬಿಟ್ಟುಬಿಡಿ. ಕಬ್ಬಿಣದ ಮುಚ್ಚಳ ಡ್ರಮ್ಮಿನ ಪಕ್ಕದಲ್ಲೇ ಇರಲಿ. ಬಳಸದಾಗ ತೇವ ತಡೆಯುತ್ತದೆ, ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಿ ಆರಿಸಲು ಅದೇ ಬೇಕು. ಎಣ್ಣೆಯ ಬೆಂಕಿಗೆ ನೀರು ಸುರಿಯಬೇಡಿ.

ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಬೇಡ. ಅದರಲ್ಲಿ ಏನೇನು ಸೇರಿದೆ ಎಂದು ತಿಳಿಯದು, ಹೊಗೆ ವಿಷ, ಹದವೂ ದಿನಕ್ಕೊಂದು ಬಗೆ. ಎಣ್ಣೆ ತೆಳ್ಳಗಾಗಲಿ ಎಂದು ಡೀಸೆಲ್, ಸೀಮೆಎಣ್ಣೆ ಬೆರೆಸುವುದಂತೂ ಪ್ರಾಣಕ್ಕೇ ಅಪಾಯ. ಬಹಳ ಕಡಿಮೆ ಬಿಸಿಗೇ ಅವುಗಳ ಆವಿಗೆ ಬೆಂಕಿ ಹತ್ತುತ್ತದೆ.

ಬಾಯಿ ಚಕ್ಕೆ ಏಳುತ್ತಿದೆ

ಹದದ ಕಡೆಯಿಂದ ಕಾರಣ ಎರಡೇ: ಕಣ ದಪ್ಪವಾಗಿದೆ, ಇಲ್ಲವೇ ಟೆಂಪರ್ ಸಾಲದು. ಬೇರ್ಪಡಿಸಲು ಹಾರಿದ ಚೂರಿನ ಮುಖ ಅಥವಾ ಜೊತೆಗೆ ಅದ್ದಿದ ತುಂಡಿನ ಮುರಿದ ಮುಖ ನೋಡಿ. ಮೈದಾ ಹಿಟ್ಟಿನಂತೆ ನುಣ್ಣಗೆ, ಮಂಕು ಬೂದು ಬಣ್ಣಕ್ಕಿದ್ದರೆ ಕಣ ಸಣ್ಣ, ತಪ್ಪು ಟೆಂಪರಿನದು. ಬನ್ಸಿ ರವೆಯಂತೆ ಹರಳು ಹರಳಾಗಿ ಮಿನುಗಿದರೆ ಕುಲುಮೆಯಲ್ಲಿ ಅತಿಯಾಗಿ ಕಾದಿದೆ. ಅದನ್ನು ಎಷ್ಟು ಟೆಂಪರ್ ಮಾಡಿದರೂ ಆ ದೋಷ ಹೋಗದು.

ದಪ್ಪ ಕಣಕ್ಕೆ ಮದ್ದು ನಾರ್ಮಲೈಸ್ ಮಾಡುವುದು. ಮೂರು ಸಲ ಕಾಯಿಸಿ, ಮೂರು ಸಲವೂ ಗಾಳಿಯಲ್ಲಿ ನೇತುಹಾಕಿ ತಣಿಸಬೇಕು: ಮೊದಲ ಸಲ 870 ಡಿಗ್ರಿ, ಎರಡನೆಯದು 820, ಮೂರನೆಯದು ಅಯಸ್ಕಾಂತ ಬಿಡುವ 770ರ ಸುತ್ತ. ಸಿಲಿಕಾನ್ ಪ್ಲೇಟಾದರೆ ಮೂರನ್ನೂ ಇಪ್ಪತ್ತು ಮೂವತ್ತು ಡಿಗ್ರಿ ಮೇಲಿಡಿ. ಪ್ರತಿ ಸಲವೂ ಕೆಂಪು ಪೂರ್ತಿ ಆರಿ, ಕತ್ತಲಲ್ಲೂ ಕಪ್ಪಗೆ ಕಂಡ ಮೇಲೆಯೇ ಮತ್ತೆ ಬೆಂಕಿಗೆ. ಬಾಗಿಲಿನ ಎರಚಲು, ಗಾಳಿ ತಾಗದ ಮೂಲೆ ಬೇಕು. ಬಡಿದು ಮಾಡಿದ ಅಲಗಿಗೆ ಇದು ಬಿಟ್ಟರೂ ನಡೆಯುವ ಹಂತವಲ್ಲ. ಬಡಿಯುವಾಗ 1,000 ಡಿಗ್ರಿ ದಾಟಿದ ಉಕ್ಕಿನ ಕಣ ಬೆಳೆದೇ ಇರುತ್ತದೆ. ಮೊನೆಯಿಂದ ಬಿಳಿ ಕಿಡಿ ಸಿಡಿದಿದ್ದರೆ ಅಲ್ಲಿ ಉಕ್ಕು ಸುಟ್ಟುಹೋಗಿದೆ, ಅಷ್ಟನ್ನು ಕತ್ತರಿಸಿ ಬಿಸಾಡುವುದೊಂದೇ ದಾರಿ.

ಟೆಂಪರಿನ ತಪ್ಪು ಹೆಚ್ಚಾಗಿ ಹೊತ್ತಿನದು ಮತ್ತು ಓವನ್ನಿನದು. ಎಣ್ಣೆಯಿಂದ ತೆಗೆದ ಅಲಗು ಕೈಯಲ್ಲಿ ಹಿಡಿಯುವಷ್ಟು, ಅಂದರೆ ಸುಮಾರು 50 ಡಿಗ್ರಿಗೆ ತಣಿದ ಮೇಲೆ, ಒಂದು ಗಂಟೆಯೊಳಗೆ ಟೆಂಪರ್ ಶುರುವಾಗಬೇಕು. ‘ನಾಳೆ ಮಾಡಿದರಾಯಿತು’ ಎಂದು ರಾತ್ರಿ ಬೆಂಚಿನ ಮೇಲೆ ಬಿಟ್ಟ ಅಲಗು ತಾನಾಗಿ ಬಿರಿಯಬಹುದು. ಕ್ರೋಮಿಯಂ ಪ್ಲೇಟಿನ ಅಡುಗೆ ಚೂರಿಗೆ 200 ಡಿಗ್ರಿ, ತೋಟದ ಕತ್ತಿಗೆ 230ರಿಂದ 250. ಎರಡು ಸಲ, ಪ್ರತಿ ಸಲ ಎರಡು ಗಂಟೆ, ನಡುವೆ ಪೂರ್ತಿ ತಣಿಸಿ. ‘ಇನ್ನೂ ಗಟ್ಟಿಮುಟ್ಟಾಗಲಿ’ ಎಂದು 260ರಿಂದ 370ರ ನಡುವೆ ಟೆಂಪರ್ ಮಾಡಬೇಡಿ. ಈ ಉಕ್ಕು ಆ ಕಾವಿನಲ್ಲಿ ಗಡಸನ್ನೂ ಕಳೆದುಕೊಂಡು ಪೆಡಸೂ ಆಗುತ್ತದೆ.

ಓವನ್ನಿನ ಗುಂಡಿ ತೋರಿಸುವ ಅಂಕಿಯನ್ನು ನಂಬಬೇಡಿ. ಚಿಕ್ಕ ಓವನ್ನುಗಳಲ್ಲಿ ಕಾಯಿಲ್ ಉರಿದು ಆರುವಾಗ ಕಾವು ಹತ್ತಾರು ಡಿಗ್ರಿ ಮೇಲೆ ಕೆಳಗೆ ಓಡಾಡುತ್ತದೆ, ಕಾಯಿಲಿನ ಹತ್ತಿರದ ಮೊನೆ ಹೆಚ್ಚು ಕಾಯುತ್ತದೆ. ತಟ್ಟೆಯಲ್ಲಿ ಎರಡು ಬೆರಳು ದಪ್ಪ ಒಣ ಮರಳು ಹಾಕಿ, ಅಲಗನ್ನು ಅದರಲ್ಲಿ ಹೂತು, ಥರ್ಮಾಮೀಟರಿನ ಕಡ್ಡಿಯನ್ನೂ ಪಕ್ಕದಲ್ಲೇ ಹೂತುಬಿಡಿ. ಮರಳು 200ಕ್ಕೆ ಬಂದ ಮೇಲೆ ಗಡಿಯಾರ ನೋಡಿ.

ಬಣ್ಣ ನೋಡಿ ಟೆಂಪರ್ ಮಾಡುವವರಿಗೆ: ಉಜ್ಜಿ ಹೊಳೆಸಿದ ಉಕ್ಕಿನ ಮೇಲೆ ತಿಳಿ ಹುಲ್ಲಿನ ಬಣ್ಣ 205–215, ಗಾಢ ಹಳದಿ 230–240, ಕಂದು 250–260, ನೇರಳೆ 275–285, ನೀಲಿ 295–300. ಇದು ಸಾದಾ ಇಂಗಾಲದ ಉಕ್ಕಿನ ಲೆಕ್ಕ. ಕ್ರೋಮಿಯಂ, ಸಿಲಿಕಾನ್ ಇರುವ ಪ್ಲೇಟಿನಲ್ಲಿ ಬಣ್ಣ ತಡವಾಗಿ ಏರುತ್ತದೆ. ಹೆಚ್ಚು ಹೊತ್ತು ಇಟ್ಟರೆ ಅದೇ ಕಾವಿನಲ್ಲೂ ಮುಂದಿನ ಬಣ್ಣ ಬರುತ್ತದೆ. ಬಣ್ಣವನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಿ, ಅಳತೆಗೋಲಾಗಿ ಅಲ್ಲ.

ಕಣವೂ ಸರಿ, ಟೆಂಪರೂ ಸರಿ, ಆದರೂ ಚಕ್ಕೆ? ಹಾಗಾದರೆ ಬಾಯಿ ಅತಿ ತೆಳು. ಅಡುಗೆ ಚೂರಿಯ ಓರೆಯನ್ನು ಕಾಫಿ ಕವಾತಿನ ಕತ್ತಿಗೆ ಕೊಟ್ಟರೆ ಯಾವ ಹದವೂ ಅದನ್ನು ಕಾಯದು. ಪ್ರತಿ ಬದಿಗೆ 20–25 ಡಿಗ್ರಿ ಕೋನ ಕೊಟ್ಟು ನೋಡಿ, ಆಮೇಲೆ ಕುಲುಮೆಯನ್ನು ದೂರಿ.

ಬಿರುಕು

ಬಿರುಕು ಬಿಟ್ಟ ಅಲಗನ್ನು ಉಳಿಸಲಾಗದು. ವೆಲ್ಡ್ ಮಾಡಿ ಕೊಡುವುದು ಮೋಸ. ಬೀಸಿದ ಕತ್ತಿಯ ತುಂಡು ಯಾರ ಮೈಗೆ ಹೋಗುತ್ತದೆ ಎಂದು ಹೇಳಲಾಗದು. ಆದರೆ ಅದನ್ನು ಬಿರುಕಿನ ಗುಂಟ ಮುರಿದು ಒಳಮುಖದ ಬಣ್ಣ ನೋಡಿದರೆ, ಯಾವಾಗ ಬಿರಿಯಿತು ಎಂಬುದು ತಾನಾಗಿ ಗೊತ್ತಾಗುತ್ತದೆ.

ಒಳಮುಖ ಕಪ್ಪಗೆ, ಕಿಟ್ಟ ಹಿಡಿದಿದ್ದರೆ ಬಿರುಕು ಎಣ್ಣೆಗೆ ಹೋಗುವ ಮೊದಲೇ ಇತ್ತು. ಒಂದೋ ಹಳೆಯ ಪ್ಲೇಟಿನದು, ಇಲ್ಲವೇ ಕಾವು ಇಳಿದ ಮೇಲೂ ಬಡಿದದ್ದರಿಂದ ಆದದ್ದು. ಒಳಮುಖಕ್ಕೆ ಹುಲ್ಲಿನ ಹಳದಿ ಅಥವಾ ಕಂದು ಹತ್ತಿದ್ದರೆ ಎಣ್ಣೆಯಲ್ಲಿ, ಅಥವಾ ಎಣ್ಣೆಗೂ ಟೆಂಪರಿಗೂ ನಡುವೆ ಬಿರಿದಿದೆ. ಟೆಂಪರಿನ ಬಣ್ಣ ಅದರೊಳಗೂ ಸೇರಿದೆ. ಬಣ್ಣವಿಲ್ಲದ ಹೊಸ ಬೂದು ಮುಖವಾದರೆ ಟೆಂಪರ್ ಆದ ಮೇಲೆ, ಸಾಣೆಯಲ್ಲೋ ಬಳಕೆಯಲ್ಲೋ ಆದದ್ದು.

ಹತ್ತಾರು ವರ್ಷ ಗುಂಡಿ ರಸ್ತೆಯಲ್ಲಿ ಓಡಿದ ಲಾರಿಯ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ದಣಿವಿನ ಬಿರುಕು ಇರುವುದು ಸಹಜ. ನಡುವಿನ ಬೋಲ್ಟ್ ತೂತಿನ ಸುತ್ತ ಮತ್ತು ಪ್ಲೇಟಿನ ಅಂಚುಗಳಲ್ಲಿ ಹೆಚ್ಚು. ಪ್ಲೇಟನ್ನು ಉಜ್ಜಿ ಬಿಳಿ ಮಾಡಿ ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ, ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ, ಸೀಮೆಸುಣ್ಣದ ಪುಡಿ ಸವರಿ. ಬಿರುಕಿದ್ದಲ್ಲಿ ಒಳಗೆ ಸೇರಿದ ಸೀಮೆಎಣ್ಣೆ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ತೂತಿನ ಎರಡೂ ಕಡೆ ಒಂದೊಂದು ಇಂಚು ಬಿಟ್ಟು ಕತ್ತರಿಸುವುದು ಒಳ್ಳೆಯದು, ಅಷ್ಟು ಉಕ್ಕು ಉಳಿಸಿ ಸಾಧಿಸುವುದೇನೂ ಇಲ್ಲ.

ಎಣ್ಣೆಯಲ್ಲಿ ಬಿರಿದದ್ದಾದರೆ ಚೂಪು ಮೂಲೆ ಹುಡುಕಿ. ಅಲಗು ಹಿಡಿಯೊಳಗೆ ಹೋಗುವ ಬಾಲಕ್ಕೆ ತಿರುಗುವ ಜಾಗದಲ್ಲಿ ನೇರ ಕೋನ ಬಿಟ್ಟಿದ್ದರೆ ಅಲ್ಲೇ ಸೀಳುತ್ತದೆ. ದುಂಡು ಅರದಿಂದ 3 ಮಿಲಿಮೀಟರಾದರೂ ಗುಂಡಗೆ ತಿದ್ದಬೇಕು. ಬಾಯಿಗೆ ಅಡ್ಡಲಾಗಿ ಉಳಿದ ಒರಟು ಸಾಣೆಯ ಗೀರು ಇನ್ನೊಂದು. ಹದಕ್ಕೆ ಮೊದಲು 120ರ ಎಮರಿ ಪೇಪರಿನಿಂದ ಅಲಗಿನ ಉದ್ದಕ್ಕೆ ಉಜ್ಜಿ ಅಡ್ಡ ಗೀರು ತೆಗೆಯಿರಿ. ಬಾಯಿಯನ್ನು ಆಗಲೇ ಹರಿತ ಮಾಡಬೇಡಿ, 0.8ರಿಂದ 1 ಮಿಲಿಮೀಟರ್ ದಪ್ಪ ಉಳಿಯಲಿ.

ಬಾಯಿಗೆ ಮಾತ್ರ ನೀರು ಕುಡಿಸಿ ಬೆನ್ನಿನ ಕಾವು ಇಳಿಯಲು ಬಿಡುವ ಹಳೆಯ ಪದ್ಧತಿ ಬಲ್ಲವರ ಕೈಯಲ್ಲಿ ಸೊಗಸಾದ ಕತ್ತಿ ಕೊಡುತ್ತದೆ: ಬಾಯಿ ಗಡಸು, ಬೆನ್ನು ಮೆತ್ತಗೆ. ಆದರೆ ಕ್ರೋಮಿಯಂ ಪ್ಲೇಟಿಗೆ ನೀರು ಅತಿ ವೇಗ. ನೀರಿನ ಗೆರೆ ಒಂದೇ ಮಟ್ಟದಲ್ಲಿ ನಿಂತರೆ ಆ ಗೆರೆಯ ಗುಂಟ ಅರ್ಧಚಂದ್ರದ ಬಿರುಕುಗಳು ಸಾಲಾಗಿ ಬರುತ್ತವೆ. ಹೀಗೇ ಮಾಡಬೇಕೆಂದರೆ ನೀರಿನ ಬದಲು ಬಿಸಿ ಎಣ್ಣೆಯಲ್ಲಿ ಬಾಯಿಯ ಎರಡು ಬೆರಳಗಲ ಮುಳುಗಿಸಿ, ಗೆರೆ ನಿಲ್ಲದಂತೆ ಮೊನೆಯಿಂದ ಹಿಡಿಯವರೆಗೆ ತೊಟ್ಟಿಲಿನಂತೆ ತೂಗಿ.

ಸೊಟ್ಟ

ಅದ್ದುವ ಕೈ ಮುಖ್ಯ. ಮೊನೆ ಕೆಳಗಾಗಿ ನೆಟ್ಟಗೆ ಇಳಿಸಿ, ಬೆನ್ನು–ಬಾಯಿಯ ದಿಕ್ಕಿನಲ್ಲಿ, ಅಂದರೆ ಕೊಯ್ಯುವ ರೀತಿಯಲ್ಲಿ ಆಡಿಸಬೇಕು. ಅಗಲದ ಕಡೆಗೆ ಬೀಸಣಿಗೆಯಂತೆ ಆಡಿಸಿದರೆ ಒಂದು ಮುಖ ಮೊದಲು ತಣಿದು ಅಲಗು ಬಾಗುತ್ತದೆ. ಎರಡು ಬದಿಯ ಸಾಣೆ ಸಮವಿಲ್ಲದಿದ್ದರೆ ಕೈ ಎಷ್ಟು ನೆಟ್ಟಗಿದ್ದರೂ ಬಾಗುತ್ತದೆ. ನಾರ್ಮಲೈಸ್ ಮಾಡದ ಅಲಗಿನಲ್ಲಿ ಬಡಿತದ ಬಿಗುವು ಉಳಿದು ಅದ್ದುವಾಗ ಹೊರಬರುತ್ತದೆ. ಮೂರನೇ ನಾರ್ಮಲೈಸಿಗೆ ಕಾಯಿಸಿದಾಗಲೇ ಅಲಗು ತಾನಾಗಿ ಬಾಗಿದರೆ ಅದು ಮುನ್ಸೂಚನೆ. ಆಗಲೇ ತಿದ್ದಿ, ಇನ್ನೊಂದು ಸುತ್ತು ಕೊಡಿ.

ಎಣ್ಣೆಯಿಂದ ಹೊರಬಂದ ಅಲಗಿಗೆ ತಿದ್ದಲು ಸ್ವಲ್ಪ ಹೊತ್ತು ಸಿಗುತ್ತದೆ. ಈ ಪ್ಲೇಟಿನ ಉಕ್ಕು ಗಡಸಾಗತೊಡಗುವುದು ಸುಮಾರು 250 ಡಿಗ್ರಿಯಿಂದ ಕೆಳಗೆ. ಅಲ್ಲಿಂದ 100ಕ್ಕೆ ಇಳಿಯುವವರೆಗೆ ಅದು ಬಗ್ಗುತ್ತದೆ. ಎಣ್ಣೆಯಲ್ಲಿ ಎಂಟು ಹತ್ತು ಸೆಕೆಂಡ್ ಇಟ್ಟು ಹೊರತೆಗೆದು, ಚರ್ಮದ ಕೈಗವಸಿನಲ್ಲಿ ಮೆಲ್ಲಗೆ ಒತ್ತಿ ತಿದ್ದಿ, ಎರಡು ದಪ್ಪ ಪಟ್ಟಿಗಳ ನಡುವೆ ಇಟ್ಟು ವೈಸಿನಲ್ಲಿ ಬಿಗಿಯಿರಿ. ಪೂರ್ತಿ ತಣಿದ ಮೇಲೆ ಸುತ್ತಿಗೆ ಎತ್ತಿದರೆ ಕೈಯಲ್ಲಿ ಎರಡು ತುಂಡು ಉಳಿಯುತ್ತದೆ.

ಆ ಹೊತ್ತು ತಪ್ಪಿದರೆ ಟೆಂಪರಿನಲ್ಲಿ ಇನ್ನೊಂದು ಅವಕಾಶ. ಮೊದಲ ಟೆಂಪರ್ ಮುಗಿದ ಮೇಲೆ ಅಲಗನ್ನು ದಪ್ಪ ಕಬ್ಬಿಣದ ಪಟ್ಟಿಗೆ ಎರಡು ತುದಿಯಲ್ಲಿ ಕ್ಲಾಂಪ್ ಮಾಡಿ, ಉಬ್ಬು ಮೇಲ್ಮುಖವಾಗಿರಲಿ. ನಡುವಿನ ಕ್ಲಾಂಪಿನಿಂದ ಉಬ್ಬನ್ನು ಕೆಳಕ್ಕೆ ಒತ್ತಿ, ನೇರಕ್ಕಿಂತ ಎರಡು ಮೂರು ಮಿಲಿಮೀಟರ್ ಆಚೆಗೆ ಬಾಗಿಸಬೇಕು. ಅದಕ್ಕೆ ಜಾಗವಾಗಲು ತುದಿಗಳ ಕೆಳಗೆ 3 ಮಿಲಿಮೀಟರ್ ತುಂಡುಗಳನ್ನಿಡಿ. ಹಾಗೆಯೇ ಎರಡನೇ ಟೆಂಪರಿಗೆ ಹಾಕಿ, ಓವನ್ನಿನಿಂದ ತೆಗೆದು ತಣಿದ ಮೇಲೆ ಬಿಚ್ಚಿ. ಸಾಲದಿದ್ದರೆ ತುಂಡಿನ ದಪ್ಪ ಒಂದು ಮಿಲಿಮೀಟರ್ ಹೆಚ್ಚಿಸಿ ಮೂರನೇ ಸಲ.

ಮತ್ತೆ ಹದ ಹಾಕುವುದಾದರೆ

ಗಡಸಾಗಿರುವ ಅಲಗನ್ನು ನೇರವಾಗಿ ಎರಡನೇ ಸಲ ಕೆಂಪಗೆ ಕಾಯಿಸಿ ಅದ್ದಬೇಡಿ, ಬಿರಿಯುವ ಸಂಭವ ಹೆಚ್ಚು. ಮೊದಲು ಮೇಲೆ ಹೇಳಿದ ಮೂರು ಸುತ್ತು ನಾರ್ಮಲೈಸ್, ಸೊಟ್ಟ ತಿದ್ದುವಿಕೆ, ಗೀರು ತೆಗೆಯುವುದು, ಆಮೇಲೆ ಅದ್ದುವುದು. ಒಮ್ಮೆಗೆ ಒಂದೇ ಒಂದು ಸಂಗತಿ ಬದಲಿಸಿ. ಕಾವನ್ನೂ ಎಣ್ಣೆಯನ್ನೂ ಒಟ್ಟಿಗೆ ಬದಲಿಸಿ ಸರಿಬಂದರೆ ಯಾವುದರಿಂದ ಸರಿಬಂತೆಂದು ಮುಂದಿನ ಆಗಸ್ಟಿಗೆ ತಿಳಿದಿರುವುದಿಲ್ಲ. ಎಣ್ಣೆಯ ಬಿಸಿ, ಹಗಲೋ ಮಬ್ಬೋ, ಎಷ್ಟು ನಿಮಿಷ, ಟೆಂಪರ್ ಎಷ್ಟು ಎಂಬುದನ್ನು ಪುಸ್ತಕದಲ್ಲಿ ಬರೆದು, ಅದರ ಸಂಖ್ಯೆಯನ್ನು ಅಲಗಿನ ಬಾಲದ ತುದಿಯಲ್ಲಿ ಕೊರೆಯಿರಿ. ಹಿಡಿ ಹಾಕಿದ ಮೇಲೆ ಅದು ಕಾಣುವುದಿಲ್ಲ.

ಪ್ರತಿ ಸಲ ಬೆಂಕಿಗೆ ಹೋದಾಗಲೂ ಹೊರಮೈಯ ಇಂಗಾಲ ಇನ್ನಷ್ಟು ಹೋಗುತ್ತದೆ, ಬಾಯಿ ಇನ್ನಷ್ಟು ಸವೆಸಬೇಕಾಗುತ್ತದೆ. ಮೂರನೇ ಸಲವೂ ಕಂಬಿಯ ಪರೀಕ್ಷೆಯಲ್ಲಿ ಸೋತ ಅಲಗನ್ನು ಹಠ ಹಿಡಿದು ಉಳಿಸುವ ಬದಲು, ನಾಲ್ಕು ಬೆರಳುದ್ದದ ತುಂಡುಗಳಾಗಿ ಕತ್ತರಿಸಿ ಡಬ್ಬಿಗೆ ಹಾಕಿ. ಅದೇ ಪ್ಲೇಟಿನ ಉಳಿದ ಭಾಗಕ್ಕೆ ಹದ ಹಾಕುವ ದಿನ ಮೊದಲು ಅದ್ದಿ ಮುರಿದು ನೋಡಲು ಅವು ಬೇಕಾಗುತ್ತವೆ.